ಗೈಡ್, ಹೋಮ್‌ಸ್ಟೇ, ಹೋಟೆಲ್, ಟ್ಯಾಕ್ಸಿ: ಪ್ರವಾಸೋದ್ಯಮದವರ ಆನ್‌ಲೈನ್ ಕಲಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಂಪಿಯಲ್ಲಿ ಗೈಡ್ ಕೆಲಸ ಮಾಡುತ್ತಾ ನನಗೆ ಹತ್ತೊಂಬತ್ತು ವರ್ಷ ಆಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಸ್ಮಾರಕಗಳ ಗೇಟು ಮುಚ್ಚಿದಾಗ ಮಾಡಲು ಬೇರೆ ಕೆಲಸ ಇರಲಿಲ್ಲ. ಮೊಬೈಲ್ ಹಿಡಿದು ಪಾಠ ಕೇಳಲು ಕೂತೆ. ಆಮೇಲೆ ಆ ಅಭ್ಯಾಸ ಬಿಡಲಿಲ್ಲ. ಈಗ ನಮ್ಮ ಲೈನಿನ ಹುಡುಗರು, ಹೋಮ್‌ಸ್ಟೇ ನಡೆಸುವ ನೆಂಟರು, ಟ್ಯಾಕ್ಸಿ ಸ್ಟ್ಯಾಂಡಿನ ಗೆಳೆಯರು ಎಲ್ಲರೂ ಅವೇ ಪ್ರಶ್ನೆ ಕೇಳುತ್ತಾರೆ. ಪ್ರತಿಯೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿ, ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನಗೆ ಹೊಸದಾಗಿ ಕಲಿಯುವುದು ಏನಿದೆ?

ನಾನೂ ಹಾಗೇ ಅಂದುಕೊಂಡಿದ್ದೆ. ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಂತು, "ಇದು ಒಂದೇ ಕಲ್ಲಿನಲ್ಲಿ ಕೆತ್ತಿದ್ದು" ಎಂದು ವರ್ಷಗಟ್ಟಲೆ ಹೇಳಿದೆ. ನನಗೆ ಕಲಿಸಿದವರು ಹಾಗೇ ಹೇಳಿಕೊಟ್ಟಿದ್ದರು. ಲಾಕ್‌ಡೌನ್ ಹೊತ್ತಿನಲ್ಲಿ ಒಂದು ಆನ್‌ಲೈನ್ ಉಪನ್ಯಾಸ ಕೇಳಿದಾಗ ಗೊತ್ತಾಯಿತು, ಅದು ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗರುಡನ ಗುಡಿ. ಕಲ್ಲು ಕೂಡಿದ ಜಾಗ ಕಾಣದ ಹಾಗೆ ಕೆತ್ತನೆಯಲ್ಲಿ ಮುಚ್ಚಿದ್ದಾರೆ. ಮುಂದಿರುವ ಆನೆಗಳು ಮೊದಲಿನಿಂದ ಅಲ್ಲಿದ್ದವಲ್ಲ. ಅಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲಿನ ಗುರುತು ಈಗಲೂ ಕಾಣುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವೂ ಇದೆ. ಈಗ ಅದಿಲ್ಲ.

ದಿನಾ ನೋಡುವ ಕಲ್ಲು. ಸಾವಿರ ಸಲ ಅದರ ಪಕ್ಕ ನಿಂತಿದ್ದೆ. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಅವತ್ತು ಸ್ವಲ್ಪ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ಆ ಫೋಟೊದ ಪ್ರಿಂಟ್ ಹಾಕಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ರಥದ ಮುಂದೆ ಅದನ್ನು ತೆಗೆದು ತೋರಿಸಿದರೆ ಸೆಲ್ಫಿ ತೆಗೆಯುತ್ತಿದ್ದವರೂ ತಿರುಗಿ ಬರುತ್ತಾರೆ. ಬರುವ ಪಾರ್ಟಿ, ಅಂದರೆ ಪ್ರವಾಸಿಗರ ತಂಡದ ಕೈಯಲ್ಲೂ ಮೊಬೈಲ್ ಇದೆ ಅನ್ನುವುದು ನೆನಪಿರಲಿ. ನಾವು ಹೇಳಿದ್ದನ್ನು ಅಲ್ಲೇ ನಿಂತು ತಾಳೆ ನೋಡುತ್ತಾರೆ.

ಎಲ್ಲಿಂದ ಶುರು ಮಾಡಲಿ?

ನಿಮ್ಮ ಕೆಲಸದಲ್ಲಿ ಯಾವ ಪ್ರಶ್ನೆ ಬಂದರೆ ತಡವರಿಸುತ್ತೀರೋ ಅಲ್ಲಿಂದ. "ಟೂರಿಸಂ ಕೋರ್ಸ್" ಎಂದು ಹುಡುಕಿದರೆ ಬರುವ ರಾಶಿ ನೋಡಿ ತಲೆ ಕೆಡುತ್ತದೆ.

ಮೊದಲು ಕೇಂದ್ರ ಸರ್ಕಾರದ 'ಸ್ವಯಂ' (SWAYAM) ಎಂಬ ಆನ್‌ಲೈನ್ ಕಲಿಕೆಯ ತಾಣ ನೋಡಿ. 2017ರಲ್ಲಿ ಶುರುವಾದದ್ದು. ಪ್ರವಾಸೋದ್ಯಮ, ಹೋಟೆಲ್ ನಿರ್ವಹಣೆ, ಭಾರತದ ಕಲೆ, ವಾಸ್ತುಶಿಲ್ಪ ಇಂಥ ವಿಷಯಗಳ ಪಾಠ ಅಲ್ಲಿ ಬರುತ್ತವೆ. ಸಾಮಾನ್ಯವಾಗಿ ಜನವರಿ ಮತ್ತು ಜುಲೈಯಲ್ಲಿ ಹೊಸ ಬ್ಯಾಚ್ ಶುರು. ಪಾಠ ಕೇಳಲು ಕಾಸು ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಫೀಸ್ ಕಟ್ಟಿ, ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆಯಬೇಕು. ಮನೆಯಲ್ಲಿ ಕೂತು ಬರೆಯುವುದಲ್ಲ, ಹಾಗಾಗಿಯೇ ಅದಕ್ಕೆ ಬೆಲೆ. 2023ರಲ್ಲಿ ಬಂದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ಇನ್ನೊಂದು. ರಿಸೆಪ್ಷನ್, ಹೌಸ್‌ಕೀಪಿಂಗ್, ಅಡುಗೆಮನೆ, ಸರ್ವಿಸ್ ಕೆಲಸ ಮಾಡುವವರಿಗೆ ಅದು ಹೆಚ್ಚು ಹೊಂದುತ್ತದೆ.

ಇಂಗ್ಲಿಷ್ ಓದಲು ತೊಂದರೆ ಇಲ್ಲ ಅನ್ನುವವರು ಯುಎನ್ ಟೂರಿಸಂನ ಆನ್‌ಲೈನ್ ಅಕಾಡೆಮಿ ನೋಡಬಹುದು. ವಿಶ್ವ ಪ್ರವಾಸೋದ್ಯಮ ಸಂಸ್ಥೆ ಅಂತ ಇತ್ತಲ್ಲ, ಮ್ಯಾಡ್ರಿಡ್‌ನದು, ಅದೇ. 2024ರ ಜನವರಿಯಲ್ಲಿ ಹೆಸರು ಬದಲಿಸಿಕೊಂಡಿತು. ನನ್ನ ಅನಿಸಿಕೆ ಕೇಳಿದರೆ, ಅಲ್ಲಿನ ಪಾಠಗಳು ಮ್ಯಾನೇಜರ್‌ಗಳಿಗೆ ಸರಿ, ಬಿಸಿಲಲ್ಲಿ ನಡೆಯುವ ನಮ್ಮಂಥವರಿಗೆ ಅಷ್ಟಕ್ಕಷ್ಟೇ.

ಕನ್ನಡದಲ್ಲಿ ಇದೆಯಾ?

ಕಡಿಮೆ. ಈ ವಿಷಯದಲ್ಲಿ ಸಮಾಧಾನ ಹೇಳಲು ಏನೂ ಇಲ್ಲ. ಒಳ್ಳೆಯ ಪಾಠಗಳು ಬಹುಪಾಲು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇವೆ. ನಾನು ಮಾಡುವುದು ಇಷ್ಟು: ವಿಡಿಯೊ ಕೆಳಗೆ ಅಕ್ಷರ ಬರುವ ಹಾಗೆ ಹಾಕಿಕೊಂಡು ಒಮ್ಮೆ ಸುಮ್ನೆ ನೋಡುತ್ತೇನೆ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ, ಕನ್ನಡದಲ್ಲಿ ನೋಟ್ಸ್ ಬರೆದುಕೊಳ್ಳುತ್ತೇನೆ. ಬರೆಯುವಾಗಲೇ ಅರ್ಧ ತಲೆಗೆ ಹೋಗುತ್ತದೆ.

ಆದರೆ ಇತಿಹಾಸದ ವಿಷಯಕ್ಕೆ ಬಂದರೆ ನಾವೇ ಮುಂದೆ. ಶಾಸನ ವಿದ್ವಾಂಸ ಬಿ.ಎಲ್. ರೈಸ್ ಅವರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೊರತರಲು ಶುರು ಮಾಡಿದ ಶಾಸನ ಸಂಪುಟಗಳು ಈಗ ಸ್ಕ್ಯಾನ್ ಆಗಿ ಉಚಿತವಾಗಿ ಸಿಗುತ್ತವೆ. ಬೇಲೂರಿನ ಗೈಡ್ ಒಬ್ಬರು ತಮ್ಮ ಗುಡಿಯ ಶಾಸನವನ್ನು ತಾವೇ ಓದಿ ಹೇಳಿದರೆ, ಅಷ್ಟು ದೂರದಿಂದ ಬಂದವನಿಗೆ ಅದಕ್ಕಿಂತ ಏನು ಬೇಕು? ಕನ್ನಡ ಬಲ್ಲವರಿಗೆ ಮಾತ್ರ ಇರುವ ಅನುಕೂಲ ಇದು. ಹಳಗನ್ನಡ ಕಷ್ಟ, ನಿಜ. ನಾಲ್ಕು ಸಾಲು ಕಲಿತರೂ ಸಾಕು.

ನಾನು ಎಸ್ಸೆಸ್ಸೆಲ್ಸಿ ಫೇಲ್. ನನಗೂ ಆಗುತ್ತದಾ?

ಪಾಠ ಕೇಳಲು ಮಾರ್ಕ್ಸ್ ಕಾರ್ಡ್ ಯಾರೂ ಕೇಳುವುದಿಲ್ಲ. ಸರ್ಟಿಫಿಕೇಟ್ ಬೇಕೆಂದರೆ ಒಂದೊಂದಕ್ಕೆ ಒಂದೊಂದು ಅರ್ಹತೆ ಇರುತ್ತದೆ, ಸೇರುವ ಮೊದಲೇ ಓದಿ.

ಇನ್ನೊಂದು ದಾರಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಕೆಲಸ ಮಾಡುತ್ತಲೇ ಕಲಿತವರ ಕೈಚಳಕವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ. ಆರ್‌ಪಿಎಲ್ ಅನ್ನುತ್ತಾರೆ. ನಮ್ಮ ಕ್ಷೇತ್ರಕ್ಕೆ ಟೂರಿಸಂ ಅಂಡ್ ಹಾಸ್ಪಿಟಾಲಿಟಿ ಸ್ಕಿಲ್ ಕೌನ್ಸಿಲ್ ಅಂತ ಇದೆ, ಕೆಲಸಗಳ ಮಾನದಂಡ ಅವರದು. ಹದಿನೈದು ವರ್ಷ ತಂದೂರಿ ಒಲೆ ಮುಂದೆ ನಿಂತವರು ಮೊದಲ ಪಾಠದಿಂದ ಕೂರಬೇಕಾಗಿಲ್ಲ. ಬರುವುದನ್ನು ಮಾಡಿ ತೋರಿಸಿದರೆ ಆಯಿತು.

ಆನ್‌ಲೈನ್ ಸರ್ಟಿಫಿಕೇಟ್ ಸಿಕ್ಕಿತು. ನಾಳೆಯಿಂದ ಸ್ಮಾರಕದಲ್ಲಿ ಗೈಡ್ ಆಗಿ ನಿಲ್ಲಬಹುದಾ?

ಇಲ್ಲ! ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಕೋರ್ಸ್ ಮುಗಿಸಿದ ಕಾಗದವೇ ಬೇರೆ, ಕೆಲಸ ಮಾಡುವ ಪರವಾನಗಿಯೇ ಬೇರೆ. ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಒಳಗೆ ದುಡ್ಡು ತೆಗೆದುಕೊಂಡು ಜಾಗ ತೋರಿಸಬೇಕಾದರೆ ಇಲಾಖೆಯ ಅಧಿಕಾರಿಯ ಅನುಮತಿ ಬೇಕು. 1959ರ ನಿಯಮಗಳಲ್ಲೇ ಇದು ಇದೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ "ಇನ್‌ಕ್ರೆಡಿಬಲ್ ಇಂಡಿಯಾ ಟೂರಿಸ್ಟ್ ಫೆಸಿಲಿಟೇಟರ್" ಎಂಬ ಹೆಸರಿನಲ್ಲಿ ಒಂದು ಆನ್‌ಲೈನ್ ತರಬೇತಿ ಶುರು ಮಾಡಿತು. ಬೇಸಿಕ್ ಇದೆ, ಮುಂದಿನ ಹಂತದಲ್ಲಿ ಪರಂಪರೆ ಮತ್ತು ಸಾಹಸ ಅಂತ ಬೇರೆ ಬೇರೆ ಇದೆ. ಪಾಠ ನಮ್ಮ ಬಿಡುವಿಗೆ ತಕ್ಕಂತೆ ನೋಡಬಹುದು, ಆಮೇಲೆ ಪರೀಕ್ಷೆ. ಗೈಡ್ ಆಗಲು ಹೊರಟವರಿಗೆ ಇದು ಒಳ್ಳೆಯ ಮೆಟ್ಟಿಲು. ಆದರೂ ಸೇರುವ ಮೊದಲು ನಿಮ್ಮ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆ ಕಚೇರಿಗೆ ಒಮ್ಮೆ ಹೋಗಿ. "ಈ ಸರ್ಟಿಫಿಕೇಟ್ ಇದ್ದರೆ ಇಲ್ಲಿ ಬ್ಯಾಡ್ಜ್ ಕೊಡುತ್ತೀರಾ, ಇನ್ನೇನು ಬೇಕು" ಎಂದು ನೇರವಾಗಿ ಕೇಳಿ. ಫೋನಿನಲ್ಲಿ ಬೇಡ. ಎದುರಿಗೆ ಹೋದರೆ ಸರಿಯಾದ ಉತ್ತರ ಸಿಗುತ್ತದೆ.

ಹೋಮ್‌ಸ್ಟೇ ನಡೆಸುತ್ತೇವೆ. ನಮಗೆ ಯಾವುದು ಬೇಕು?

ಎರಡು ಸಾಕು. ಅಡುಗೆಮನೆಯ ಸ್ವಚ್ಛತೆ, ಆಮೇಲೆ ರಿವ್ಯೂಗೆ ಉತ್ತರ ಕೊಡುವುದು.

ಊಟದ ವಿಷಯಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಫಾಸ್ಟ್ಯಾಕ್ ತರಬೇತಿ ಇದೆ, ಆನ್‌ಲೈನ್‌ನಲ್ಲೂ ನಡೆಯುತ್ತದೆ. ಲೈಸೆನ್ಸ್ ಇರುವ ಅಡುಗೆಮನೆಗಳಲ್ಲಿ ಪ್ರತಿ 25 ಕೆಲಸಗಾರರಿಗೆ ಒಬ್ಬರಾದರೂ ಈ ತರಬೇತಿ ಪಡೆದವರು ಇರಬೇಕು ಎನ್ನುವುದು ನಿಯಮ. ಪ್ರಮಾಣಪತ್ರ ಎರಡು ವರ್ಷಕ್ಕೆ. ನಿಮ್ಮದು ಮೂರು ರೂಮಿನ ಮನೆಯಾದರೂ ಮನೆಯಿಂದ ಒಬ್ಬರು ಮಾಡಿಕೊಳ್ಳುವುದು ವಾಸಿ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೆ, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ, ನಡುವಿನ ಬಿಸಿಯಲ್ಲಿ ರೋಗಾಣು ಬೆಳೆಯುತ್ತದೆ. ಇದೊಂದು ಪಾಠ ತಲೆಗೆ ಹೋದರೂ ಸಾಕು. ಮಧ್ಯಾಹ್ನದ ಕೋಳಿ ಸಾರನ್ನು ಕಟ್ಟೆ ಮೇಲೆ ಬಿಟ್ಟು ರಾತ್ರಿ ಬಿಸಿ ಮಾಡಿ ಬಡಿಸುವ ಅಭ್ಯಾಸ ನಿಲ್ಲುತ್ತದೆ. ಮನೆಯವರ ಹೊಟ್ಟೆಗೆ ಅದು ಒಗ್ಗಿರುತ್ತದೆ, ದೆಹಲಿಯಿಂದ ಬಂದವರ ಹೊಟ್ಟೆಗೆ ಒಗ್ಗುವುದಿಲ್ಲ.

ಇನ್ನು ರಿವ್ಯೂ. ಸಕಲೇಶಪುರದ ಹತ್ತಿರ ನಮ್ಮ ಅತ್ತಿಗೆ ಹೋಮ್‌ಸ್ಟೇ ನಡೆಸುತ್ತಾರೆ. ಒಬ್ಬರು "ಬೆಳಿಗ್ಗೆ ಬಿಸಿನೀರು ಬರಲಿಲ್ಲ" ಎಂದು ಎರಡು ಸ್ಟಾರ್ ಕೊಟ್ಟರು. ಅತ್ತಿಗೆಗೆ ಸಿಟ್ಟು ಬಂದು "ನೀವು ಹತ್ತು ಗಂಟೆಗೆ ಎದ್ದರೆ ಹೇಗೆ ಬರುತ್ತದೆ" ಎಂದು ಬರೆದುಬಿಟ್ಟರು. ಮಾತು ಸರಿಯೇ. ಆದರೆ ಅದನ್ನು ಓದುವುದು ಆ ಮನುಷ್ಯ ಒಬ್ಬನೇ ಅಲ್ಲ, ಮುಂದೆ ರೂಮ್ ಹುಡುಕುವ ಎಲ್ಲರೂ. ಆಮೇಲೆ ಒಂದು ಉಚಿತ ಡಿಜಿಟಲ್ ಮಾರ್ಕೆಟಿಂಗ್ ಪಾಠದಲ್ಲಿ ಇದನ್ನು ಕೇಳಿದರು. ಹಳೆಯ ಉತ್ತರ ಅಳಿಸಿ ಹೀಗೆ ಬರೆದರು: "ಮಳೆಗಾಲದಲ್ಲಿ ಸೋಲಾರ್ ಸಾಲದೆ ನಿಮಗೆ ತೊಂದರೆಯಾಯಿತು, ಕ್ಷಮಿಸಿ. ಈಗ ಬಚ್ಚಲಲ್ಲಿ ಹಂಡೆ ಒಲೆಯೂ ಉರಿಯುತ್ತದೆ, ದಿನವಿಡೀ ಬಿಸಿನೀರು." ಈಗ ಬರುವವರು ಹಂಡೆ ನೀರಿನ ಸ್ನಾನ ಬೇಕು ಎಂದೇ ಕೇಳುತ್ತಾರಂತೆ. ಸೌದೆ ಖರ್ಚು ಜಾಸ್ತಿಯಾಗಿದೆ ಎಂದು ಅಣ್ಣನ ಗೊಣಗಾಟ.

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಮನೆ ಸರಿಯಾದ ಜಾಗದಲ್ಲಿ ತೋರಿಸುತ್ತದಾ ಎಂದು ಇವತ್ತೇ ನೋಡಿ. ಅದಕ್ಕೆ ಕೋರ್ಸ್ ಬೇಡ.

ಟ್ಯಾಕ್ಸಿ ಓಡಿಸುವವರಿಗೆ?

ಪ್ರಥಮ ಚಿಕಿತ್ಸೆ. ಮಿಕ್ಕಿದ್ದೆಲ್ಲ ಆಮೇಲೆ. ಹೃದಯ ನಿಂತು ಕುಸಿದವರ ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ. ಇದೆಲ್ಲ ವಿಡಿಯೊದಲ್ಲಿ ಅರ್ಥವಾಗುತ್ತದೆ, ಕೈಗೆ ಮಾತ್ರ ಬರುವುದಿಲ್ಲ. ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನವರ ತರಗತಿಯಲ್ಲಿ ಒಂದು ದಿನ ಬೊಂಬೆಯ ಮೇಲೆ ಒತ್ತಿ ಕಲಿಯಲೇಬೇಕು. ಎಷ್ಟು ಬಲ ಬೇಕು ಎಂದು ಆಗಲೇ ಗೊತ್ತಾಗುವುದು.

ಡ್ಯಾಶ್‌ಬೋರ್ಡ್ ಮೇಲೆ 108, 112 ಜೊತೆಗೆ 1363 ಕೂಡ ಅಂಟಿಸಿಡಿ. ಅದು ಪ್ರವಾಸಿಗರ ಸಹಾಯವಾಣಿ. ಹಿಂದಿ, ಇಂಗ್ಲಿಷ್ ಅಲ್ಲದೆ ಹತ್ತು ವಿದೇಶಿ ಭಾಷೆಗಳಲ್ಲಿ ಮಾತನಾಡುತ್ತಾರೆ. ಜಪಾನಿನವರು ಏನೋ ಹೇಳುತ್ತಿದ್ದಾರೆ, ನಿಮಗೆ ಗೊತ್ತಾಗುತ್ತಿಲ್ಲ ಅಂದಾಗ ಕೆಲಸಕ್ಕೆ ಬರುತ್ತದೆ.

ಫ್ರೆಂಚ್ ಕಲಿತರೆ ದುಡ್ಡು ಜಾಸ್ತಿ ಬರುತ್ತದೆ ಅಂತಾರೆ. ನಿಜವಾ?

ಬರುತ್ತದೆ, ಸರಿಯಾಗಿ ಕಲಿತರೆ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಫ್ರೆಂಚ್ ಕಲಿಸುತ್ತದೆ, ಗೋಥೆ ಇನ್‌ಸ್ಟಿಟ್ಯೂಟ್ ಜರ್ಮನ್. ಇಬ್ಬರಲ್ಲೂ ಆನ್‌ಲೈನ್ ತರಗತಿ ಇದೆ. ಗುಡಿಯ ವಿವರ ಆ ಭಾಷೆಯಲ್ಲಿ ಹೇಳುವ ಮಟ್ಟಕ್ಕೆ ಬರಲು ವರ್ಷಗಳೇ ಬೇಕು, ತಿಂಗಳುಗಳ ಲೆಕ್ಕ ಅಲ್ಲ. ಮೊಬೈಲ್ ಆಟದಂಥ ಆ್ಯಪ್‌ಗಳಲ್ಲಿ "ನನ್ನ ಬೆಕ್ಕು ಸೇಬು ತಿನ್ನುತ್ತದೆ" ಎನ್ನುವ ತನಕ ಬರುತ್ತೀರಿ. ಮಹಾನವಮಿ ದಿಬ್ಬದ ಮುಂದೆ ನಿಂತು ಬೆಕ್ಕಿನ ಕತೆ ಹೇಳಲು ಆಗುತ್ತದಾ?

ನಾನು ಬೇರೆಯೇ ಸಲಹೆ ಕೊಡುತ್ತೇನೆ, ಕೆಲವರಿಗೆ ಹಿಡಿಸುವುದಿಲ್ಲ. ನಿಮ್ಮ ಡೈರಿ ತೆಗೆದು ಹೋದ ಸೀಸನ್ನಿನ ಪಾರ್ಟಿಗಳು ಯಾವ ಊರಿನವರು ಎಂದು ಎಣಿಸಿ. ನನ್ನ ಲೆಕ್ಕದಲ್ಲಿ ಹೈದರಾಬಾದ್, ಪುಣೆ, ಕೋಲ್ಕತ್ತ ಮೇಲೆ ಬಂದವು. ನಾನು ಫ್ರೆಂಚ್ ಬಿಟ್ಟು ಬಾಂಗ್ಲಾ ಹಿಡಿದೆ. ತೆಲುಗು ನಮ್ಮ ಕಡೆ ಹೇಗೂ ಬರುತ್ತದೆ. ಕೋಲ್ಕತ್ತದ ಅಜ್ಜಿಯೊಬ್ಬರಿಗೆ ಅವರ ಭಾಷೆಯಲ್ಲೇ "ಮೆಲ್ಲಗೆ ಬನ್ನಿ, ಮೆಟ್ಟಿಲು ಜಾರುತ್ತದೆ" ಅಂದೆ. ಮರುವರ್ಷ ಅವರ ಬೀದಿಯಿಂದ ಮೂರು ಕುಟುಂಬ ನನ್ನನ್ನೇ ಹುಡುಕಿಕೊಂಡು ಬಂದವು.

ಇಂಗ್ಲಿಷ್ ಬಗ್ಗೆ ಒಂದೇ ಮಾತು. ನೀವು ಹೇಳುವ ವಿವರಣೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ಕೇಳಲು ಹಿಂಸೆಯಾಗುತ್ತದೆ, ತಪ್ಪೆಲ್ಲ ಕಿವಿಗೆ ಬೀಳುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಕ್ಕಿಲ್ಲ.

ಸಫಾರಿ, ಹಕ್ಕಿ ನೋಡುವವರ ಜೊತೆ ಹೋಗುತ್ತೇನೆ. ನನಗೆ?

ನಿಮ್ಮ ಅದೃಷ್ಟ ಚೆನ್ನಾಗಿದೆ. ಈ ವಿಷಯದಲ್ಲಿ ಉಚಿತವಾಗಿ ಸಿಗುವಷ್ಟು ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರ, ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ನಲ್ಲಿ ಭಾರತದ ಹಕ್ಕಿಗಳೂ ಇವೆ, ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದ ಕಾಡಲ್ಲೂ ನಡೆಯುತ್ತದೆ. ಅವರದೇ ಇಬರ್ಡ್‌ನಲ್ಲಿ ದಿನಾ ಕಂಡ ಹಕ್ಕಿಗಳ ಪಟ್ಟಿ ಹಾಕುತ್ತಾ ಹೋಗಿ. ಎರಡು ವರ್ಷ ಹಾಕಿದರೆ ಅದೇ ನಿಮ್ಮ ಸರ್ಟಿಫಿಕೇಟ್. ಹಂಪಿ ಹತ್ತಿರದ ದರೋಜಿ ಕಡೆ ಹಳದಿ ಕೊರಳಿನ ಪಿಕಳಾರ ಹುಡುಕಿಕೊಂಡು ಬರುವವರು ಇಲ್ಲಿಗೆ ಬರುವ ಮೊದಲೇ ಅದರಲ್ಲಿ ನೋಡಿರುತ್ತಾರೆ, ಯಾರು ಎಲ್ಲಿ ಯಾವಾಗ ಕಂಡರು ಅಂತ.

ಒಂದು ಎಚ್ಚರಿಕೆ. ಪಾರ್ಟಿಯನ್ನು ಮೆಚ್ಚಿಸಲು ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ, ಗೂಡು ಕಟ್ಟುವ ಕಾಲದಲ್ಲಂತೂ ಬೇಡವೇ ಬೇಡ. ಬೇರೆ ಹಕ್ಕಿ ತನ್ನ ಜಾಗಕ್ಕೆ ಬಂತೆಂದು ಅದು ಗೂಡು ಬಿಟ್ಟು ಓಡಿ ಬರುತ್ತದೆ. ತಿಳಿದ ಹಕ್ಕಿಪ್ರೇಮಿಗಳು ಇದನ್ನು ಕಂಡರೆ ನಿಮ್ಮನ್ನು ಮತ್ತೆ ಕರೆಯುವುದಿಲ್ಲ.

ಮೂವತ್ತು ಸಾವಿರ ಕಟ್ಟಿದರೆ ವಿದೇಶಿ ಹಡಗಿನಲ್ಲಿ ಕೆಲಸ ಗ್ಯಾರಂಟಿ ಅನ್ನುವ ಜಾಹೀರಾತು ಬಂದಿದೆ. ಸೇರಲಾ?

ಬೇಡ. ಕೆಲಸದ ಗ್ಯಾರಂಟಿ ಕೊಡುವ ಕೋರ್ಸ್ ಕಂಡರೆ ದೂರ ಇರಿ. ನಾನೇ ಒಮ್ಮೆ "ಅಂತರರಾಷ್ಟ್ರೀಯ ಗೈಡ್ ಡಿಪ್ಲೊಮಾ" ಎಂದು ನಂಬಿ ಎಂಟು ಸಾವಿರ ಕಳೆದುಕೊಂಡಿದ್ದೇನೆ. ಆರು ವಿಡಿಯೊ ಕಳಿಸಿದರು. ಅದರಲ್ಲಿ ಎರಡು ಯೂಟ್ಯೂಬ್‌ನಲ್ಲೇ ಇದ್ದವು. ಬಂಗಾರದ ಅಂಚಿನ ಸರ್ಟಿಫಿಕೇಟ್ ಮಾತ್ರ ಭರ್ಜರಿಯಾಗಿತ್ತು. ನಮ್ಮ ಮನೆಯಾಕೆ ಅದನ್ನು ಅಕ್ಕಿ ಡಬ್ಬದ ಮುಚ್ಚಳದ ಕೆಳಗೆ ಹಾಕಿದ್ದಾಳೆ.

ದುಡ್ಡು ಕಟ್ಟುವ ಮುಂಚೆ ಮೂರು ವಿಷಯ ವಿಚಾರಿಸಿ. ಕೊಡುವ ಪ್ರಮಾಣಪತ್ರಕ್ಕೆ ಯಾರ ಮಾನ್ಯತೆ ಇದೆ, ಅದನ್ನು ಆ ಮಾನ್ಯತೆ ಕೊಟ್ಟವರ ತಾಣದಲ್ಲೇ ನೋಡಲು ಆಗುತ್ತದಾ? ಮುಂಚೆ ಕಲಿತವರು ಒಬ್ಬರ ಜೊತೆ ಮಾತನಾಡಲು ಬಿಡುತ್ತಾರಾ? "ಇವತ್ತು ರಾತ್ರಿಯೊಳಗೆ ಕಟ್ಟಿದರೆ ಅರ್ಧ ಬೆಲೆ" ಅನ್ನುತ್ತಿದ್ದಾರಾ? ಮೂರನೆಯದಕ್ಕೆ ಹೌದು ಅಂದರೆ ಮೊದಲೆರಡು ಕೇಳುವುದೇ ಬೇಡ. ಒಟಿಪಿ ಕೇಳಿದರೆ ಫೋನ್ ಇಡಿ.

ನೆಟ್ ಸರಿಯಾಗಿ ಸಿಗಲ್ಲ, ಸಮಯವೂ ಇಲ್ಲ. ಏನು ಮಾಡಲಿ?

ಪಾಠಗಳನ್ನು ನೆಟ್ ಇರುವ ಕಡೆ ಡೌನ್‌ಲೋಡ್ ಮಾಡಿಕೊಳ್ಳಿ, ಆಮೇಲೆ ನೋಡಿ. ಸೀಸನ್‌ನಲ್ಲಿ ಕಲಿಯಲು ಹೋಗಬೇಡಿ, ಆಗುವುದಿಲ್ಲ. ಹಂಪಿಯಲ್ಲಿ ಅಕ್ಟೋಬರ್‌ನಿಂದ ಫೆಬ್ರುವರಿ ತನಕ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಏಪ್ರಿಲ್, ಮೇ ಬಿಸಿಲಿಗೆ ಹನ್ನೊಂದು ಗಂಟೆಗೆ ಬಂಡೆ ಕಾದು ನಿಲ್ಲುತ್ತದೆ, ಪಾರ್ಟಿ ಬರುವುದಿಲ್ಲ. ನಾನು ಓದುವುದು ಆಗಲೇ. ಮಲೆನಾಡಿನವರಿಗೆ ಜುಲೈ ಮಳೆ ಇದ್ದೇ ಇದೆ.

ನಾನು ರೆಸಾರ್ಟ್ ಮ್ಯಾನೇಜರ್. ಹುಡುಗರಿಗೆ ಲಿಂಕ್ ಕಳಿಸಿದರೂ ಯಾರೂ ನೋಡುವುದಿಲ್ಲ.

ಡ್ಯೂಟಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ರೂಮಿಗೆ ಹೋದವನಿಗೆ ಲಿಂಕ್ ಕಳಿಸಿದರೆ ಯಾರು ನೋಡುತ್ತಾರೆ ಸರ್? ಡ್ಯೂಟಿ ಹೊತ್ತಿನಲ್ಲೇ, ಚೆಕ್‌ಔಟ್ ಮುಗಿದು ಚೆಕ್‌ಇನ್ ಶುರುವಾಗುವ ನಡುವೆ ಇಪ್ಪತ್ತು ನಿಮಿಷ ಕೊಡಿ. ಡೇಟಾ ಖರ್ಚು ನಿಮ್ಮದಾಗಲಿ. ಕಲಿತವರಿಗೆ ಸಂಬಳದಲ್ಲಿ ಸ್ವಲ್ಪ ಹೆಚ್ಚು ಕೊಡುತ್ತೀರಾ? ಇಲ್ಲ ಅಂದರೆ ಅವರು ಕಲಿತು ಪಕ್ಕದ ರೆಸಾರ್ಟ್‌ಗೆ ಹೋಗುತ್ತಾರೆ. ಹೋಗುವುದು ತಪ್ಪೂ ಅಲ್ಲ.

ವಿವರಣೆಯನ್ನು ಎಐ ಕೈಯಲ್ಲೇ ಬರೆಸಿಕೊಂಡರೆ ಆಗಲ್ವಾ?

ಬರೆಸಿ ನೋಡಿದ್ದೇನೆ. ಭಾಷೆ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ತಿದ್ದಿಸಿಕೊಳ್ಳಲು ನಾನೂ ಬಳಸುತ್ತೇನೆ. ಇಸವಿಗಳಲ್ಲಿ ಮಾತ್ರ ಕೈ ಕೊಡುತ್ತದೆ. 1565ರ ತಾಳೀಕೋಟೆ ಯುದ್ಧವನ್ನು ಕೃಷ್ಣದೇವರಾಯನ ಕಾಲಕ್ಕೆ ತಂದು ನಿಲ್ಲಿಸಿತು ಒಮ್ಮೆ. ಅವನು ತೀರಿಕೊಂಡದ್ದು 1529ರಲ್ಲಿ! ಗೊತ್ತಿದ್ದವರ ಕೈಯಲ್ಲಿ ಅದು ಒಳ್ಳೆಯ ಸಾಧನ. ಗೊತ್ತಿಲ್ಲದವರು ಹಾಗೇ ಬಾಯಿಪಾಠ ಮಾಡಿ ಹೇಳಿದರೆ, ಇತಿಹಾಸದ ಮೇಷ್ಟ್ರು ಒಬ್ಬರು ಪಾರ್ಟಿಯಲ್ಲಿ ಇದ್ದೇ ಇರುತ್ತಾರೆ.

ನಿಮ್ಮ ಹತ್ತಿರ ಪಾಠಕ್ಕೆ ಬರಬಹುದಾ?

ಬನ್ನಿ. ಏಪ್ರಿಲ್, ಮೇ ಎರಡು ತಿಂಗಳು, ಬುಧವಾರ ರಾತ್ರಿ ಒಂಬತ್ತಕ್ಕೆ ಮೊಬೈಲ್‌ನಲ್ಲೇ ಸೇರುತ್ತೇವೆ. ಫೀಸ್ ಇಲ್ಲ. ಪ್ರತಿ ವಾರ ಒಬ್ಬರು ತಮ್ಮ ಊರಿನ ಒಂದು ಕಲ್ಲು, ಒಂದು ಕೆರೆ ಅಥವಾ ಒಂದು ತಿಂಡಿ ಬಗ್ಗೆ ಐದು ನಿಮಿಷ ಹೇಳಬೇಕು. ಉಳಿದವರು ತಪ್ಪು ಹುಡುಕಬೇಕು. ಕ್ಯಾಮೆರಾ ಆನ್ ಇರಬೇಕು. ಊಟ ಮಾಡುತ್ತಾ ಕೂತರೆ ಅಡ್ಡಿಯಿಲ್ಲ, ಏನು ಸಾರು ಎಂದು ಮಾತ್ರ ಹೇಳಬೇಕು.